ಸಿಗ್ನಲ್ಲಿಗೂ ಸೂಟಿ

ಹೋಳಿ ಹುಣ್ಣಿಮೆ ಕಳೆದು ಐದನೆಯ ದಿನದ ಬೆಳಗು. ಮುಂಡಗೋಡ ಕಡೆಯ ಇಂದೂರಿನ ಓಣಿಯಲ್ಲಿ ಕಾಮಣ್ಣನನ್ನು ಸುಟ್ಟ ಜಾಗದ ಬೂದಿ ಗಾಳಿಗೆ ಹಾರಿಹೋಗಿ, ನೆಲದ ಮೇಲೆ ಕರಿ ಕಲೆಯೊಂದೇ ಉಳಿದಿದೆ. ಹಾಲಿನ ಕ್ಯಾನು ಹೊತ್ತ ಸೈಕಲ್ಲೊಂದು ಕಿಣಿಕಿಣಿ ಎನ್ನುತ್ತ ಆಚೆ ಹೋಯಿತು. ಕೊಯ್ಲಾದ ಗದ್ದೆಗಳಲ್ಲಿ ಭತ್ತದ ಕೂಳೆ ಒಣಗಿ ಬೆಳ್ಳಗೆ ನಿಂತಿದೆ. ಮಾವಿನ ಗಿಡಗಳಲ್ಲಿ ಹೂವೆಲ್ಲ ಉದುರಿ ಗೋಲಿಗಾತ್ರದ ಮಿಡಿ ಕಾಣತೊಡಗಿದೆ. ಬೇಲಿಯಾಚೆ, ಒಂದೆಲೆಯನ್ನೂ ಉಳಿಸಿಕೊಳ್ಳದ ಮುತ್ತುಗ ಮೈತುಂಬ ಕೆಂಪು ಹೂ ಹೊತ್ತಿದೆ. ಹಿಂದೆಲ್ಲ ಈ ಹೂವನ್ನೇ ಕುದಿಸಿ ಓಕುಳಿ ಮಾಡುತ್ತಿದ್ದರು. ಈಗ ಅಂಗಡಿಯ ಪಾಕೀಟಿನ ಮೂಲೆ ಕತ್ತರಿಸಿದರೆ ಮುಗಿಯಿತು.

ಬೈಕಿನ ಹಿಂದಿನ ಸೀಟು ಖಾಲಿ ಇದೆ, ಕೂತುಕೊಳ್ಳಿ. ಕ್ಯಾಮೆರಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರೆ ಸಾಕು. ಪ್ಲಾಸ್ಟಿಕ್ ಹಾಳೆಯಲ್ಲಿ ಚೆನ್ನಾಗಿ ಸುತ್ತಿದ್ದೇನೆ, ಲೆನ್ಸಿನ ಬಾಯಿಯಷ್ಟೇ ಹೊರಗೆ. ಹೋಗುತ್ತಿರುವುದು ಹುಬ್ಬಳ್ಳಿಗೆ, ಅದೂ ರಂಗಪಂಚಮಿಯ ದಿನ. ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರೆ ಅದರ ಆಸೆಯನ್ನು ಇಲ್ಲೇ ಬಿಟ್ಟು ಹತ್ತಿ.

ಈ ಸೀಮೆಯವರಿಗೆ ಜಿಲ್ಲಾ ಕಚೇರಿ ಘಟ್ಟದ ಕೆಳಗೆ ಕಾರವಾರದಲ್ಲಿದ್ದರೂ ದೊಡ್ಡ ಊರು ಎಂದರೆ ಹುಬ್ಬಳ್ಳಿ. ಮದುವೆ ಜವಳಿಗೆ, ಪಂಪ್‌ಸೆಟ್ಟಿನ ಸಾಮಾನಿಗೆ, ದೊಡ್ಡ ದವಾಖಾನೆಗೆ ಎಲ್ಲದಕ್ಕೂ ಅದೇ ದಾರಿ. ಮುಂಡಗೋಡದಿಂದ ಸುಮಾರು 45 ಕಿ.ಮೀ. ನಮಗೆ ಇವತ್ತು ಇದ್ಯಾವುದೂ ಬೇಕಿಲ್ಲ. ಆ ಊರಿನ ರಸ್ತೆ ಫಲಕಗಳನ್ನೂ ಸಿಗ್ನಲ್ ದೀಪಗಳನ್ನೂ ನಿಂತು ನೋಡಿ ಫೋಟೋ ಹೊಡೆದುಕೊಂಡು ಬರುವುದಷ್ಟೇ ಕೆಲಸ. ಮನೆಯಲ್ಲಿ ಹೇಳಿದರೆ ನಗುತ್ತಾರೆ, ಹಾಗಾಗಿ ಹೇಳಿಲ್ಲ. ಬೇರೆ ದಿನಗಳಲ್ಲಿ ಈ ಕೆಲಸ ಆಗುವ ಮಾತಲ್ಲ. ಲಾರಿಯೊಂದು ಅಡ್ಡ ಬರುತ್ತದೆ, ಹಿಂದಿನವನು ಹಾರ್ನ್ ಒತ್ತುತ್ತಾನೆ, ರಸ್ತೆ ನಡುವೆ ನಿಂತವನನ್ನು ಪೊಲೀಸರು ಎಳೆದು ಬದಿಗೆ ಹಾಕುತ್ತಾರೆ. ಊರು ಬಾಗಿಲು ಹಾಕಿಕೊಂಡ ದಿನವೇ ಫಲಕಗಳು ಬಯಲಿಗೆ ಬರುವುದು.

ಹೊರಟ ಮೇಲೆ ಹಳ್ಳಿದಾರಿಯಲ್ಲೂ ಕಣ್ಣು ಬಿಟ್ಟುಕೊಂಡಿರಿ. ರಸ್ತೆ ಬದಿಯ ಹುಲ್ಲಿನಲ್ಲಿ ಮೊಣಕಾಲೆತ್ತರದ ಪುಟ್ಟ ಕಲ್ಲುಗಳು, ಒಂದರ ಮೇಲೆ 2, ಮುಂದಿನದರ ಮೇಲೆ 4, ಆಮೇಲೆ 6, 8. ಇನ್ನೂರು ಮೀಟರಿಗೊಂದರಂತೆ ನೆಟ್ಟ ಇವು ದೊಡ್ಡ ಕಿಲೋಮೀಟರ್ ಕಲ್ಲಿನ ಮರಿಗಳು. ತಲೆಗೆ ಹಸಿರು ಬಳಿದಿದ್ದರೆ ರಾಜ್ಯ ಹೆದ್ದಾರಿ, ಹಳದಿ ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ. ಹಳೆಯ ಕೆಲವು ಕಲ್ಲುಗಳಲ್ಲಿ ಇನ್ನೂ ಕನ್ನಡದ ಅಂಕಿ ಇದೆ, ಪೇಂಟರನ ಕುಂಚ ತಿರುಗಿದ ಗುರುತಿನ ಸಮೇತ. ಅತ್ತಿವೇರಿ ಪಕ್ಷಿಧಾಮದಂಥ ಪ್ರವಾಸಿ ತಾಣಗಳನ್ನು ತೋರಿಸುವುದಕ್ಕೆ ನಿಯಮ ಇಟ್ಟಿರುವ ಬಣ್ಣ ಕಂದು. ಟಿಬೆಟನ್ ಕ್ಯಾಂಪಿನ ಕಡೆ ಹೊರಳಿದರಂತೂ ಕನ್ನಡ, ಇಂಗ್ಲಿಷಿನ ಜೊತೆ ಟಿಬೆಟನ್ ಲಿಪಿಯೂ ಫಲಕಗಳ ಮೇಲೆ ಕುಳಿತಿರುತ್ತದೆ. ಕಾಡು ದಟ್ಟವಾಗುವಲ್ಲಿ ಕೆಂಪಂಚಿನ ತ್ರಿಕೋನದೊಳಗೆ ಕರಿ ಜಿಂಕೆಯೊಂದು ಮುಂಗಾಲೆತ್ತಿ ನೆಗೆಯುತ್ತಿದೆ. ಕಾಡುಪ್ರಾಣಿ ಬಂದೀತು ಎನ್ನುವುದರ ಗುರುತು ಅದು. ಚಳಿಗಾಲದ ಹೊತ್ತಿಗೆ ಭತ್ತದ ಗದ್ದೆಗೆ ಆನೆ ಇಳಿಯುವ ಈ ತಾಲ್ಲೂಕಿನಲ್ಲಿ ಆ ಜಿಂಕೆ ಯಾರ್ಯಾರ ಪರವಾಗಿಯೋ ನೆಗೆಯಬೇಕು.

ತಡಸದ ಹತ್ತಿರ ಹೆದ್ದಾರಿ ಸೇರಿದೊಡನೆ ಫಲಕಗಳೆಲ್ಲ ದೊಡ್ಡವಾಗಿಬಿಡುತ್ತವೆ. ಇದು ಪುಣೆ–ಬೆಂಗಳೂರು ರಸ್ತೆ, ಮೊದಲು 4, ಈಗ 48 ಎಂಬ ಸಂಖ್ಯೆ. ಹಸಿರು ನೆಲದ ಮೇಲೆ ಬಿಳಿ ಅಕ್ಷರ, ಬಾಣ, ಅಂಕಿ. ಎಳೆ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಂದು ಬೋರ್ಡಿಗೆ ಬಡಿದಾಗ ಅಕ್ಷರಗಳು ಒಮ್ಮೆಗೇ ಹೊತ್ತಿಕೊಂಡಂತೆ ಬೆಳಗುತ್ತವೆ, ನೋಡಿ. ಬಣ್ಣ ಬಳಿದ ತಗಡು ಹೀಗೆ ಬೆಳಗುವುದಿಲ್ಲ. ಈ ಹಾಳೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಒತ್ತಾಗಿ ಕೂತಿರುತ್ತವೆ. ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ಅದನ್ನು ತಿರುಗಿಸಿ ಕಳಿಸುವುದು ಅವುಗಳ ಗುಣ. ರಾತ್ರಿ ಹೆಡ್‌ಲೈಟ್ ಬಿದ್ದಾಗ ಬೆಳಕು ಆಕಾಶಕ್ಕೆ ಚೆಲ್ಲದೆ ಡ್ರೈವರನ ಕಣ್ಣಿಗೇ ವಾಪಸ್ಸು ಬರುತ್ತದೆ. ಕ್ಯಾಮೆರಾದವನಿಗೆ ಇದೇ ತಾಪತ್ರಯ. ಫ್ಲ್ಯಾಶ್ ಹೊಡೆದರೆ ಫಲಕ ಬೆಳ್ಳಗೆ ಸುಟ್ಟುಹೋಗಿ, ಊರಿನ ಹೆಸರೇ ಇಲ್ಲದ ಖಾಲಿ ಚೌಕ ಉಳಿಯುತ್ತದೆ. ಫ್ಲ್ಯಾಶ್ ಬಂದ್ ಮಾಡಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಸೂರ್ಯನಿಗೂ ಫಲಕಕ್ಕೂ ನಡುವಿನ ನೇರ ಗೆರೆಯಿಂದ ತಪ್ಪಿಸಿಕೊಂಡು ನಿಂತರೆ ಹಸಿರು ಹಸಿರಾಗಿಯೇ ಬರುತ್ತದೆ.

ಒಂದು ವಿಷಯ ಹತ್ತಿರ ಹೋದಾಗಲೇ ಕಾಣುವುದು. 'ಹುಬ್ಬಳ್ಳಿ' ಎಂದು ಬರೆಯಲು ಬ ಕಾರದ ಕೆಳಗೊಂದು ಒತ್ತು, ಳ ಕಾರದ ಕೆಳಗೊಂದು ಒತ್ತು ಬೇಕು. ಇಂಗ್ಲಿಷ್ ಅಕ್ಷರಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಂತರೆ ಮುಗಿಯಿತು. ಕನ್ನಡಕ್ಕೆ ತಲೆಯ ಮೇಲೂ ಜಾಗ ಬೇಕು, ಕಾಲ ಕೆಳಗೂ ಜಾಗ ಬೇಕು. ಫಲಕ ಮಾಡುವವರು ಎಷ್ಟೋ ಕಡೆ ಎರಡು ಭಾಷೆಗೂ ಸಮನಾದ ಪಟ್ಟಿ ಕೊಟ್ಟುಬಿಡುತ್ತಾರೆ, ಒತ್ತಕ್ಷರಗಳು ಉಸಿರುಗಟ್ಟಿ ಮುದ್ದೆಯಾಗುತ್ತವೆ. ಕುಂಚ ಹಿಡಿದ ಹಳೆಯ ಪೇಂಟರನಿಗೆ ಇದು ಹೇಳದೆಯೇ ಗೊತ್ತಿತ್ತು. ಅವನು ಮೊದಲು ಒತ್ತಿಗೆ ಜಾಗ ಬಿಟ್ಟು ಆಮೇಲೆ ಅಕ್ಷರ ಕೂರಿಸುತ್ತಿದ್ದ. 2014ರ ರಾಜ್ಯೋತ್ಸವದಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ಹುಬ್ಬಳ್ಳಿಗೂ ಇಂಗ್ಲಿಷಿನಲ್ಲಿ ಅದರ ಸ್ವಂತ ಉಚ್ಚಾರ ಸಿಕ್ಕಿತು. ಅವತ್ತಿನಿಂದ ಫಲಕದ ಕೆಳಸಾಲೂ ಉದ್ದವಾಯಿತು.

ಗಬ್ಬೂರು ದಾಟಿ ಹಳೆಯ ಪುಣೆ–ಬೆಂಗಳೂರು ರಸ್ತೆಗೆ, ಅಂದರೆ ಪಿ.ಬಿ. ರೋಡಿಗೆ ಇಳಿದರೆ ಮೊದಲು ಕಿವಿಗೆ ಬೀಳುವುದು ಹಲಗಿ. ಎಲ್ಲೋ ಒಂದು ಓಣಿಯಲ್ಲಿ ಒಣ ಸದ್ದು, ಅದಕ್ಕೆ ಇನ್ನೊಂದು ಓಣಿಯಿಂದ ಉತ್ತರ, ನಡುವೆ ಬಾಯಿ ಬಡಿದುಕೊಳ್ಳುವವರ ಲಬೋ ಲಬೋ. ಲಾರಿ ಇಲ್ಲ, ಟೆಂಪೊ ಇಲ್ಲ. ಬಂಕಾಪುರ ಚೌಕದಲ್ಲಿ ಸಾಲಾಗಿ ಶಟರ್ ಇಳಿದಿವೆ. ಒಂದೇ ಒಂದು ಚಹಾದ ಅಂಗಡಿ ಅರ್ಧ ಬಾಗಿಲೆತ್ತಿ, ಒಳಗೆ ಬಗ್ಗಿ ಬಂದವರಿಗೆ ಮಾತ್ರ ಚಹಾ ಕೊಡುತ್ತಿದೆ. ಕುದಿಯುವ ಶುಂಠಿಯ ವಾಸನೆ, ನೆನೆದ ಧೂಳಿನ ವಾಸನೆ, ಅದರ ಮೇಲೆ ಅಗ್ಗದ ಗುಲಾಲಿನ ಸೀಮೆಣ್ಣೆಯಂಥ ಘಾಟು. ಊರಿಗೆಲ್ಲ ಹೋಳಿ ಹುಣ್ಣಿಮೆಯ ಮರುದಿನ ಬಣ್ಣವಾದರೆ ಹುಬ್ಬಳ್ಳಿಗೆ ಐದನೆಯ ದಿನ. ಅಲ್ಲಿಯವರೆಗೆ ಓಣಿ ಓಣಿಯಲ್ಲಿ ರತಿ ಕಾಮಣ್ಣರನ್ನು ಕೂರಿಸಿ, ಹಲಗಿ ಬಡಿದು, ದೊಡ್ಡ ಜಗ್ಗಲಗಿಗಳ ಮೆರವಣಿಗೆ ಮಾಡಿ, ಕೂಡಿಟ್ಟ ಹುರುಪನ್ನೆಲ್ಲ ಇವತ್ತು ಒಂದೇ ಬೆಳಗಿನಲ್ಲಿ ಖರ್ಚು ಮಾಡುತ್ತಾರೆ.

ಈಗ ತಲೆ ಎತ್ತಿ. ನಾಲ್ಕೂ ಕಡೆಯ ಸಿಗ್ನಲ್ ಕಂಬಗಳಲ್ಲಿ ಹಳದಿಯೊಂದೇ ಮಿಟುಕುತ್ತಿದೆ. ನಿಲ್ಲು ಎನ್ನುವುದೂ ಇಲ್ಲ, ಹೋಗು ಎನ್ನುವುದೂ ಇಲ್ಲ. ನೋಡಿಕೊಂಡು ಹೋಗು ಎನ್ನುವುದು ಈ ಮಿಟುಕಿನ ಅರ್ಥ. ಕಂಬದ ಬುಡದಲ್ಲಿ ಕುರ್ಚಿ ಹಾಕಿಕೊಂಡ ಪೇದೆಯ ಖಾಕಿಯ ಮೇಲೂ ಗುಲಾಬಿ ಕೈಯಚ್ಚು ಬಿದ್ದಿದೆ. ಯಾರು ಹಚ್ಚಿದರು ಎಂದು ಕೇಳುವ ದಿನವಲ್ಲ ಇದು.

"ಇವತ್ತ ಸಿಗ್ನಲ್ಲಿಗೂ ಸೂಟಿ ಕೊಟ್ಟೇವ್ರಿ," ಎಂದರು ಅವರು, ಕ್ಯಾಮೆರಾ ನೋಡಿ. "ಕೆಂಪ ಹಚ್ಚಿದ್ರ ಯಾರ ನಿಂದರತಾರ? ಅವರ ಕೆಂಪ ಆಗ್ಯಾರ."

ಮಿಟುಕುವ ದೀಪದ ಚಿತ್ರ ತೆಗೆಯುವುದು ಕಂಡಷ್ಟು ಸುಲಭವಲ್ಲ. ದೀಪ ಹತ್ತಿದ ಗಳಿಗೆಯನ್ನೇ ನೋಡಿ ಬಟನ್ ಒತ್ತಿದರೂ ಚಿತ್ರದಲ್ಲಿ ಕಪ್ಪು ಗುಂಡಿ ಬರುವುದುಂಟು. ಈಗಿನ ಸಿಗ್ನಲ್ಲುಗಳಲ್ಲಿರುವುದು ಬಲ್ಬಲ್ಲ, ಎಲ್‌ಇಡಿ ಕಾಳುಗಳ ಗುಂಪು. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ, ಅದರ ಜೊತೆ ಎಷ್ಟೋ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಹತ್ತಿ ಆರುತ್ತವೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಕ್ಯಾಮೆರಾದ ಬಾಗಿಲನ್ನು ಸೆಕೆಂಡಿನ 500ನೇ ಒಂದು ಭಾಗದಷ್ಟು ಮಾತ್ರ ತೆರೆದರೆ ಅದು ಆರಿದ ಗಳಿಗೆಗೇ ಸಿಕ್ಕಿಬೀಳಬಹುದು. 50ನೇ ಒಂದು ಭಾಗಕ್ಕೆ ಇಳಿಸಿ, ಉಸಿರು ಹಿಡಿದು, ಮೊಣಕೈಯನ್ನು ಪಕ್ಕೆಗೆ ಒತ್ತಿ ನಿಂತರೆ ಹಳದಿ ತುಂಬಿಕೊಂಡು ಬರುತ್ತದೆ. ಲೆನ್ಸಿನಲ್ಲಿ ದೊಡ್ಡದಾಗಿ ಕಂಡಾಗ ದೀಪದ ಮೇಲಿನ ಟೋಪಿಯನ್ನೂ ಗಮನಿಸಿ. ಬಿಸಿಲು ನೇರ ಒಳಹೊಕ್ಕರೆ ಆರಿದ ದೀಪವೂ ಹತ್ತಿದಂತೆ ತೋರಿ ಮೋಸವಾಗುತ್ತದೆ, ಅದಕ್ಕೇ ಆ ಟೋಪಿ. ದೀಪಗಳ ಅಗಲ ಕಂಬದ ಕೆಳಗಿನಿಂದ ತಟ್ಟೆಯಷ್ಟು ಕಂಡರೂ ಬಳಕೆಯಲ್ಲಿರುವುದು 20 ಮತ್ತು 30 ಸೆಂ.ಮೀ. ವ್ಯಾಸದ ಎರಡೇ ಅಳತೆ.

ಪಿಚಕಾರಿ ಹಿಡಿದ ಪುಂಡರ ಗುಂಪೊಂದು ಬರುತ್ತಿದೆ, ಹುಷಾರು. ಒಂದೇ ಬೈಕಿನ ಮೇಲೆ ಮೂವರು, ಹಿಂದೆ ಇನ್ನೊಂದರ ಮೇಲೆ ನಾಲ್ವರು. ಮುಖದಲ್ಲಿ ಹಲ್ಲು, ಕಣ್ಣು ಬಿಟ್ಟರೆ ಬೇರೇನೂ ಗುರುತು ಸಿಗದು. ನಮ್ಮ ಮೇಲೆ ಎರಚಿದ್ದು ಸಾಲದೆ, ಹೋಗುವಾಗ ಅಲ್ಲಿದ್ದ ಅಷ್ಟಕೋನದ ಫಲಕಕ್ಕೂ ಒಂದು ಹಿಡಿ ಬಡಿದು ಹೋದರು. ಕೆಂಪು ನೆಲ, ಬಿಳಿ ಅಕ್ಷರ ಎಲ್ಲ ಮುಚ್ಚಿಹೋಗಿ ಒಂದೇ ಗುಲಾಬಿ.

ಆ ಗುಲಾಬಿ ಅಷ್ಟಕೋನದ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. ನನ್ನ ಮಟ್ಟಿಗೆ ಇವತ್ತಿನ ಚಿತ್ರ ಇದೇ. ರಸ್ತೆಯ ಭಾಷೆಯೆಲ್ಲ ಬಣ್ಣದಲ್ಲಿದೆ: ಕೆಂಪಂಚಿನ ವೃತ್ತ ಆಜ್ಞೆ ಮಾಡುತ್ತದೆ, ಕೆಂಪಂಚಿನ ತ್ರಿಕೋನ ಎಚ್ಚರಿಸುತ್ತದೆ, ನೀಲಿ ಚೌಕ ಮಾಹಿತಿ ಕೊಡುತ್ತದೆ. ಆ ಭಾಷೆಯ ಮೇಲೆ ಇಡೀ ಊರು ಬಣ್ಣ ಎರಚುತ್ತಿದೆ. ಆದರೂ ಈ ಫಲಕ ಏನು ಹೇಳುತ್ತಿದೆ ಎಂದು ನಿಮಗೆ ಗೊತ್ತಾಯಿತಲ್ಲ? ಎಂಟು ಮೂಲೆ ಇರುವುದು 'ನಿಲ್ಲಿ' ಎಂಬ ಫಲಕಕ್ಕೆ ಮಾತ್ರ. ತಲೆಕೆಳಗಾದ ತ್ರಿಕೋನ 'ದಾರಿ ಬಿಡಿ' ಎನ್ನುವುದಕ್ಕೆ ಮಾತ್ರ. ಕೆಸರು ಮೆತ್ತಿದರೂ, ಬೆನ್ನ ಕಡೆಯಿಂದ ನೋಡಿದರೂ ಇವೆರಡನ್ನು ಬೇರೆಯದೆಂದು ತಿಳಿಯುವಂತಿಲ್ಲ. ಅಮೆರಿಕದ ರಸ್ತೆ ಎಂಜಿನಿಯರುಗಳು 1923ರಲ್ಲಿ ಕೂತು, ಅಪಾಯ ಹೆಚ್ಚಿದಷ್ಟೂ ಮೂಲೆ ಹೆಚ್ಚಲಿ ಎಂದು ಲೆಕ್ಕ ಹಾಕಿ ಈ ಆಕಾರ ಕೊಟ್ಟರು. ಅವರಲ್ಲಿ ಈ ಫಲಕ ಬಹುಕಾಲ ಕೆಂಪಗಿರಲೂ ಇಲ್ಲ. ಬಿಸಿಲಿಗೆ ಮಾಸದ ಕೆಂಪು ಸಿಗದೆ ಹಳದಿ ಬಳಿಯುತ್ತಿದ್ದರು, ಕೆಂಪು ಬಂದದ್ದು 1954ರಲ್ಲಿ. ಬಣ್ಣ ನಂಬಿಕೆಗೆ ಅರ್ಹವಲ್ಲ ಎನ್ನುವುದು ಅವರಿಗೆ ರಂಗಪಂಚಮಿ ಆಡದೆಯೇ ಗೊತ್ತಿತ್ತು. ನಮ್ಮ ಬಿಸಿಲಿಗೆ ಸಿಕ್ಕ ಎಚ್ಚರಿಕೆ ಫಲಕಗಳನ್ನು ನೋಡಿ, ಕೆಂಪಂಚು ಬಿಳಿಚಿಕೊಂಡು, ಒಳಗಿನ ಕರಿ ಚಿತ್ರವಷ್ಟೇ ಉಳಿದ ತ್ರಿಕೋನಗಳು ಎಷ್ಟಿಲ್ಲ! ಸಿಗ್ನಲ್ಲಿನಲ್ಲೂ ಇದೇ ಜಾಣತನ. ಕೆಂಪು ಯಾವಾಗಲೂ ಮೇಲೆ, ಹಸಿರು ಯಾವಾಗಲೂ ಕೆಳಗೆ. ಬಣ್ಣದ ಭೇದ ಕಾಣದವರೂ ಜಾಗ ನೋಡಿ ಬ್ರೇಕ್ ಒತ್ತುತ್ತಾರೆ.

ಚೆನ್ನಮ್ಮ ವೃತ್ತಕ್ಕೆ ಬರುವಷ್ಟರಲ್ಲಿ ಬಿಸಿಲು ಏರಿದೆ. ಕುದುರೆಯ ಮೇಲಿನ ಕಿತ್ತೂರು ರಾಣಿ ಖಡ್ಗ ಎತ್ತಿ ನಿಂತಿದ್ದಾಳೆ. ಸುತ್ತ ಮೇಲ್ಸೇತುವೆಯ ದಪ್ಪ ಕಂಬಗಳು. ಅವುಗಳ ನಡುವೆ ಸಿಗ್ನಲ್ ಕಂಬಗಳು ಕಡ್ಡಿಯ ಹಾಗೆ ಕಾಣುತ್ತವೆ. ಬೇರೆ ದಿನ ಇಲ್ಲಿ ಬಸ್ಸು, ಆಟೊ, ತಳ್ಳುಗಾಡಿ, ಕಾಲೇಜು ಹುಡುಗರು ಎಲ್ಲ ಒಂದೇ ಗಂಟಾಗಿ, ಯಾವ ದೀಪ ಯಾರಿಗೆ ಎಂದು ಹುಡುಕುವುದೇ ಒಂದು ಕೆಲಸ. ಇವತ್ತು ಜೀಬ್ರಾ ಪಟ್ಟೆಗಳನ್ನು ಒಂದೊಂದಾಗಿ ನೋಡುತ್ತ ದಾಟಬಹುದು. ನೀರು, ಬಣ್ಣ ಹರಿದು ಬಿಳಿ ಪಟ್ಟೆಯೊಂದು ಹಸಿರಾಗಿದೆ, ಇನ್ನೊಂದು ನೇರಳೆ. ಹಬ್ಬದ ಶುಭಾಶಯ ಕೋರುವ ನಾಯಕರ ಫ್ಲೆಕ್ಸುಗಳನ್ನು ಮಾತ್ರ ಹೊಗಳಲಾರೆ. ಏಕಮುಖ ಸಂಚಾರದ ಬಾಣವನ್ನು ಪೂರ್ತಿ ಮುಚ್ಚಿ, ಅದರ ಕಂಬಕ್ಕೇ ತಂತಿ ಬಿಗಿದು ನಿಲ್ಲಿಸಿದ ಫ್ಲೆಕ್ಸಿನಲ್ಲಿ ಹನ್ನೊಂದು ಮುಖಗಳು ಕೈಮುಗಿದು ನಗುತ್ತಿವೆ. 1988ರ ಮೋಟಾರು ವಾಹನ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಈ ದೇಶದ ಸಂಚಾರ ಫಲಕಗಳ ಚಿತ್ರಗಳಿವೆ. ಕೈಮುಗಿದ ಮುಖ ಆ ಪಟ್ಟಿಯಲ್ಲಿಲ್ಲ.

ಹುಬ್ಬಳ್ಳಿ ರೈಲಿನ ಊರು, ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲೇ ಇದೆ. ಹಾಗಾಗಿ ರಸ್ತೆಯ ಸಿಗ್ನಲ್ಲು ರೈಲಿನ ಕೂಸು ಎಂದರೆ ಇಲ್ಲಿಯವರು ಬೇಗ ಒಪ್ಪುತ್ತಾರೆ. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಸಂಸತ್ ಭವನದ ಹೊರಗೆ ಮೊದಲ ಸಂಚಾರ ಸಿಗ್ನಲ್ ನಿಲ್ಲಿಸಿದ ಜೆ.ಪಿ. ನೈಟ್ ರೈಲ್ವೆ ಸಿಗ್ನಲ್ ಎಂಜಿನಿಯರು. ಹಗಲು ರೈಲಿನ ಕೈಮರದಂಥದೇ ತೋಳು, ರಾತ್ರಿ ಕೆಂಪು ಹಸಿರು ಗ್ಯಾಸ್ ದೀಪ, ಅದನ್ನು ತಿರುಗಿಸಲು ಒಬ್ಬ ಪೊಲೀಸು. ಮರುತಿಂಗಳೇ ಗ್ಯಾಸ್ ಸೋರಿ ದೀಪ ಸಿಡಿದು ಆ ಪೊಲೀಸನಿಗೆ ಗಾಯವಾಯಿತು. ವಿದ್ಯುತ್ ಸಿಗ್ನಲ್ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಹೊತ್ತಿದ್ದು 1914ರ ಆಗಸ್ಟ್ 5ರಂದು. ನಡುವೆ ಹಳದಿಯನ್ನು ಸೇರಿಸಿ ನಾಲ್ಕು ದಿಕ್ಕಿಗೂ ಮೂರು ಬಣ್ಣ ಕೊಟ್ಟವನು 1920ರಲ್ಲಿ ಡೆಟ್ರಾಯಿಟಿನ ಪೊಲೀಸ್ ಅಧಿಕಾರಿ ವಿಲಿಯಂ ಪಾಟ್ಸ್. ಬಂಕಾಪುರ ಚೌಕದಲ್ಲಿ ಕುರ್ಚಿ ಹಾಕಿಕೊಂಡ ನಮ್ಮ ಪೇದೆಗೆ ಈ ಕಥೆ ಹೇಳಿದ್ದರೆ, ಗಾಯವಾದದ್ದೂ ಪೊಲೀಸನಿಗೇ, ಉಪಾಯ ಹೊಳೆದದ್ದೂ ಪೊಲೀಸನಿಗೇ ಎಂದು ಸಂತೋಷಪಡುತ್ತಿದ್ದರೇನೊ.

ಹೊಸೂರು ದಾಟಿ ವಿದ್ಯಾನಗರದ ಕಡೆ ಹೋದರೆ ರಸ್ತೆಯ ನಟ್ಟನಡುವೆ ಬೇಲಿ ಹಾಕಿದ ಚಿಗರಿ ಬಸ್ಸಿನ ದಾರಿ. ಹುಬ್ಬಳ್ಳಿ–ಧಾರವಾಡದ ನಡುವೆ ಸುಮಾರು 22 ಕಿ.ಮೀ. ಉದ್ದಕ್ಕೂ ಈ ಬಸ್ಸಿಗೆ ತನ್ನದೇ ಪಟ್ಟಿ, ತನ್ನದೇ ನಿಲ್ದಾಣ. 2018ರಲ್ಲಿ ಓಡಾಟ ಶುರುವಾಗಿ 2020ರ ಫೆಬ್ರುವರಿಯಲ್ಲಿ ವಿಧಿವತ್ತಾಗಿ ಉದ್ಘಾಟನೆಯಾಯಿತು. ಕಾಡಿನ ಫಲಕದಲ್ಲಿ ಜಿಂಕೆ ನೆಗೆಯುವುದನ್ನು ನೋಡಿಕೊಂಡು ಬಂದವರಿಗೆ ಇಲ್ಲಿ ಬಸ್ಸಿಗೇ ಚಿಗರಿ ಎಂದು ಹೆಸರಿಟ್ಟದ್ದು ಖುಷಿ ಕೊಡುತ್ತದೆ. ಆ ದಾರಿಯ ಬಾಯಲ್ಲಿ ಬೇರೆ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಕೆಂಪು ವೃತ್ತ. ಅದರ ಬುಡದಲ್ಲೇ ನಾಲ್ಕು ಹುಡುಗರು ಟವೆಲ್ ಹಾಸಿ ಕೂತು ಚುರಮರಿ ತಿನ್ನುತ್ತಿದ್ದಾರೆ. ನಡೆದುಕೊಂಡು ಬಂದವರನ್ನು ಆ ಫಲಕ ತಡೆಯುತ್ತದೆಯೋ ಇಲ್ಲವೋ ಎಂದು ಅವರೊಳಗೇ ವಾದ ನಡೆದಿದೆ.

ಪಕ್ಕದ ಓಣಿಯಲ್ಲಿ ಮನೆ ಮುಂದಿನ ಬಣ್ಣ ತೊಳೆಯುತ್ತಿದ್ದ ಅಜ್ಜಿಯೊಬ್ಬರು, ಶಾಲೆ ಇದೆ ಎಂಬ ಫಲಕದ ಎದುರು ನಾನು ಮಂಡಿಯೂರಿದ್ದನ್ನು ಕಂಡು ಕೊಡ ಕೆಳಗಿಟ್ಟರು.

"ಯಾ ಊರವಪಾ ನೀನು?"

"ಇಂದೂರ್ರೀ ಅಮ್ಮಾರ, ಮುಂಡಗೋಡ ಕಡೆ."

"ನಿಮ್ಮೂರಾಗ ಬೋರ್ಡ್ ಇಲ್ಲೇನು?"

ಇವೆ ಎಂದೆ. ಹಾಗಾದರೆ ಇದೇನು ಹೊಸದು ಎನ್ನುವಂತೆ ಅವರೂ ಒಮ್ಮೆ ಫಲಕವನ್ನು ನೋಡಿದರು. ಚೀಲ ಹಿಡಿದು ಓಡುವ ಎರಡು ಮಕ್ಕಳ ಕರಿ ಚಿತ್ರ. ಹುಡುಗನ ಮುಖಕ್ಕೆ ಯಾರೋ ಹಸಿರು ಬಳಿದಿದ್ದರು, ಹುಡುಗಿಯನ್ನು ಬಿಟ್ಟಿದ್ದರು. "ಹುಡುಗೀಗೆ ಹಚ್ಚಂಗಿಲ್ಲ ಅಂತ ಅಂದಿರಬೇಕ ಯಾರೋ," ಎಂದು ನಗುತ್ತ ಅಜ್ಜಿ ಮತ್ತೆ ಕೊಡ ಎತ್ತಿದರು.

ಇಂಥ ಚಿತ್ರಗಳನ್ನು ಎಲ್ಲರೂ ಓದುತ್ತಾರೆ, ಯಾರೂ ನೋಡುವುದಿಲ್ಲ. 2022ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಬಳಿಯ ಹೋಪ್ ಫಾರ್ಮ್ ಸಿಗ್ನಲ್ಲಿನ ಹತ್ತಿರ ಕೆಂಪು ತ್ರಿಕೋನದೊಳಗೆ ಬರೀ ನಾಲ್ಕು ಕಪ್ಪು ಚುಕ್ಕೆಗಳಿದ್ದ ಫಲಕ ಕಂಡು ಒಬ್ಬರು ಅದರ ಫೋಟೋ ಹಾಕಿ ಅರ್ಥ ಕೇಳಿದ್ದರು. ರಸ್ತೆಯಲ್ಲಿ ಅಂಧರು ಇರಬಹುದು, ಎಚ್ಚರ ಎಂದು ಸಂಚಾರ ಪೊಲೀಸರು ಉತ್ತರಿಸಿದರು. ಅಲ್ಲಿ ಅಂಧ ಮಕ್ಕಳ ಶಾಲೆಯಿದೆ. ಇಂಥ ಫಲಕವಿದೆ ಎಂದೇ ಹಲವರಿಗೆ ಗೊತ್ತಿರಲಿಲ್ಲ. ಒಂದು ಫೋಟೋ ಇಲ್ಲದಿದ್ದರೆ ಆ ನಾಲ್ಕು ಚುಕ್ಕೆ ಇನ್ನೂ ಎಷ್ಟು ವರ್ಷ ಯಾರಿಗೂ ಅರ್ಥವಾಗದೆ ನಿಂತಿರುತ್ತಿತ್ತೋ. ಫಲಕಗಳ ಭಾಷೆ ಜಗತ್ತಿಗೆಲ್ಲ ಹೆಚ್ಚುಕಡಿಮೆ ಒಂದೇ ಇರಲಿ ಎಂದು 1968ರಲ್ಲಿ ವಿಯೆನ್ನಾದಲ್ಲಿ ಒಪ್ಪಂದವಾಗಿ, ಭಾರತ 1980ರಲ್ಲಿ ಅದಕ್ಕೆ ಸೇರಿತು. ಅದಕ್ಕೂ ಮೊದಲೇ, 1977ರಲ್ಲಿ, ನಮ್ಮ ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಫಲಕಗಳಿಗೆ ಸಂಹಿತೆ ಬರೆದಿತ್ತು; ಅದು 2022ರವರೆಗೂ ಮತ್ತೆ ಮತ್ತೆ ತಿದ್ದಿಸಿಕೊಂಡು ಬಂದಿದೆ.

ಎರಡು ಗಂಟೆಯ ಸುಮಾರಿಗೆ ಹಲಗಿಯ ಸದ್ದು ಸಣ್ಣಗಾಗುತ್ತದೆ. ಬೋರಿನ ಪೈಪು ಹಿಡಿದು ಒಬ್ಬರಿಗೊಬ್ಬರು ಮೈ ತೊಳೆಯುವ ಹೊತ್ತು. ಚರಂಡಿಯಲ್ಲಿ ನೀಲಿ ನೀರು ಹರಿಯುತ್ತಿದೆ. ಅಲ್ಲೊಂದು ಇಲ್ಲೊಂದು ಶಟರ್ ಕಿರ್ರೆಂದು ಮೇಲೇರುತ್ತದೆ, ಮಿರ್ಚಿ ಕರಿಯುವ ಎಣ್ಣೆಯ ವಾಸನೆ ಗುಲಾಲನ್ನು ಮೀರುತ್ತದೆ. ಚೆನ್ನಮ್ಮ ವೃತ್ತದ ಕಡೆ ಮೊದಲ ಬಸ್ಸುಗಳು ಬಂದವು, ಅವುಗಳ ಹಿಂದೆ ಆಟೊಗಳು. ನಾವು ವಾಪಸ್ಸು ಬಂಕಾಪುರ ಚೌಕಕ್ಕೆ ಬರುವ ಹೊತ್ತಿಗೆ ಪೇದೆ ಕುರ್ಚಿ ಬಿಟ್ಟು ಎದ್ದಿದ್ದರು. ಕಂಬದ ಪೆಟ್ಟಿಗೆ ತೆರೆದು ಏನೋ ತಿರುಗಿಸಿದರು. ಹಳದಿಯ ಮಿಟುಕು ನಿಂತಿತು. ಒಂದು ಕಡೆ ಕೆಂಪು, ಒಂದು ಕಡೆ ಹಸಿರು, ಎಣಿಕೆಯ ಅಂಕಿ 60ರಿಂದ ಇಳಿಯತೊಡಗಿತು. ಬಣ್ಣ ಹಚ್ಚಿಕೊಂಡ ಮೂವರು ಸವಾರರು ಅಭ್ಯಾಸಬಲದಿಂದ ಮುಂದೆ ನುಗ್ಗಿ, ನಡುವೆ ಹೋದ ಮೇಲೆ ಸಿಗ್ನಲ್ ನೋಡಿ, ಕಾಲೂರಿ ಹಿಂದಕ್ಕೆ ಸರಿದು ಗೆರೆಯ ಮೇಲೆ ನಿಂತರು. ಪೇದೆ ಬೈಯಲಿಲ್ಲ.

ಆ ಮೂವರಲ್ಲಿ ಒಬ್ಬ ನನ್ನ ಕ್ಯಾಮೆರಾ ನೋಡಿ, ಕೆಂಪು ಇನ್ನೂ ನಲವತ್ತು ಸೆಕೆಂಡು ಇರುವುದನ್ನೂ ನೋಡಿ, ಫೋಟೋಕ್ಕೆ ಗದ್ದ ಎತ್ತಿ ನಿಂತ. ಮೂರು ಗುಲಾಬಿ ಮುಖ, ಹಿಂದೆ ಸಿಗ್ನಲ್ ಕಂಬ. ಹೊಡೆದೆ. ವಾಟ್ಸಾಪ್ ನಂಬರು ಗಟ್ಟಿಯಾಗಿ ಎರಡು ಸಲ ಹೇಳಿ, ಹಸಿರು ಬೀಳುವ ಮುಂಚೆ ಅವಸರದಲ್ಲಿ ಕೂಗಿದ:

"ಅಣ್ಣಾರ, ಮರೀದ ಕಳಸ್ರಿ ಮತ್ತ! ಆದ್ರ ಆ ಕಂಬ ಕಟ್ ಮಾಡಿ ಕಳಸ್ರಿ!"